ಹಡೆದದ್ದೆಲ್ಲ ಉಳಿದಾಕೆ

ನನ್ನನ್ನು ತೌಡಿಗೆ ಮಾರಿದ್ದರು. ಈ ಮಾತು ಹೇಳಿದರೆ ಸ್ಟಾಫ್ ರೂಮಿನಲ್ಲಿ ಹೊಸಬರು ಮುಖ ಮುಖ ನೋಡಿಕೊಳ್ಳುತ್ತಾರೆ. ಹಳಬರು, "ಅದಕ್ಕೇ ಮೇಡಂ ನಿಮಗಿಷ್ಟು ಸಿಟ್ಟು, ಒಳ್ಳೆ ರೇಟು ಸಿಕ್ಕಿಲ್ಲ" ಎಂದು ರೇಗಿಸುತ್ತಾರೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇದೆ, ಅದನ್ನು ಯಾರೂ ಎತ್ತಿ ತೋರಿಸಬೇಕಾಗಿಲ್ಲ. ಆದರೆ ನನ್ನನ್ನು ಮಾರಿದ್ದು ಬೇಡವಾಗಿ ಅಲ್ಲ, ಬೇಕಾಗಿ.

ನಮ್ಮದು ನ್ಯಾಮತಿ ಸೀಮೆ, ಗೋವಿನಕೋವಿಗೆ ಹತ್ತಿರದ ಹಳ್ಳಿ. ನನಗಿಂತ ಮೊದಲು ಅವ್ವ ಮೂರು ಹಡೆದು ಮೂರನ್ನೂ ಕಳೆದುಕೊಂಡಿದ್ದಳು. ಹಾಗೆ ಒಂದರ ಹಿಂದೆ ಒಂದು ಕೂಸು ಹೋದ ಮನೆಯಲ್ಲಿ ಮುಂದಿನದನ್ನು ಮಾರಿಬಿಡುವ ಪದ್ಧತಿ ನಮ್ಮ ಕಡೆ ಇತ್ತು. ಕೊಳ್ಳುವವಳು ಹಡೆದ ಮಕ್ಕಳೆಲ್ಲ ಉಳಿದ ಹೆಂಗಸಾಗಿರಬೇಕು. ಅವಳು ಒಂದು ಮೊರ ತೌಡು ಕೊಟ್ಟು, ಕೂಸನ್ನು ಮಡಿಲಿಗೆ ಹಾಕಿಸಿಕೊಂಡು, "ಇದು ನನ್ನ ಕೂಸು, ನೀನು ಸಾಕಿ ಕೊಡು" ಎಂದು ಹೆತ್ತವಳ ಕೈಗೇ ಮರಳಿ ಕೊಡುತ್ತಾಳೆ. ಅಲ್ಲಿಂದಾಚೆಗೆ ಹೆತ್ತವಳು ಬರೀ ಸಾಕುವವಳು. ಜವರಾಯ ಅವಳ ಕೂಸನ್ನು ಹುಡುಕಿಕೊಂಡು ಬಂದರೆ ಆ ಮನೆಯಲ್ಲಿ ಅವಳದೆನ್ನುವ ಕೂಸೇ ಇರುವುದಿಲ್ಲ. ನಾನು ಉಳಿದೆ. ಇನ್ನು ಭಯವಿಲ್ಲವೆಂದುಕೊಂಡು ನನ್ನ ಬೆನ್ನಿಗೆ ಹುಟ್ಟಿದ ತಮ್ಮನನ್ನು ಮಾರಲಿಲ್ಲ. ಅವನು ಉಳಿಯಲಿಲ್ಲ.

ಇದನ್ನೆಲ್ಲ ಈಗ ಹೇಳುತ್ತಿರುವುದು ನನ್ನ ಮೊಮ್ಮಗಳಿಂದಾಗಿ. ನನ್ನ ಮಗಳನ್ನು ಹೊನ್ನಾಳಿಗೆ ಕೊಟ್ಟಿದ್ದೇನೆ. ಅಳಿಯನಿಗೆ ಪಂಪ್‌ಸೆಟ್ ರಿಪೇರಿ ಅಂಗಡಿ ಇದೆ, ಒಳ್ಳೆಯ ಹುಡುಗ. ಮಗಳಿಗೆ ಎರಡು ಸಲ ಹೊಟ್ಟೆಯಲ್ಲೇ ಹೋಯಿತು. ಮೂರನೆಯ ಸಲದ್ದು ತಿಂಗಳು ತುಂಬುವ ಮೊದಲೇ ಅವಸರಪಟ್ಟು ಬಂತು. ದಾವಣಗೆರೆಯ ಆಸ್ಪತ್ರೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಮಲಗಿಸಿದ್ದರು. ಮೂಗಿಗೆ ನಳಿಕೆ, ಕಾಲಿಗೆ ದಾರದಂಥ ವೈರು. ಕೊನೆಗೆ ಡಾಕ್ಟರು ಕರೆದುಕೊಂಡು ಹೋಗಿ ಎಂದಾಗ ತಾಯಿ ಮಗುವನ್ನು ಚನ್ನಗಿರಿಗೆ, ನನ್ನ ಮನೆಗೆ ತಂದೆ. ಅವ್ವ ನನ್ನ ಜೊತೆಗೇ ಇರುತ್ತಾಳೆ.

ಅವ್ವ ಬಾಣಂತನಕ್ಕೆ ಟೊಂಕ ಕಟ್ಟಿ ನಿಂತಳು. ವಯಸ್ಸು ಎಂಬತ್ತು ದಾಟಿದೆ ಅಂದರೆ ಯಾರೂ ನಂಬಬಾರದು, ಹಾಗೆ ಓಡಾಡಿದಳು. ನೀರು ಕಾಸಿದಳು, ಕೆಂಡಕ್ಕೆ ಸಾಂಬ್ರಾಣಿ ಹಾಕಿದಳು, ಬಾಣಂತಿ ಖಾರ ಕುಟ್ಟಿದಳು, ಮಗುವಿನ ಬಟ್ಟೆಯನ್ನು ವಾಷಿಂಗ್ ಮಷೀನಿಗೆ ಹಾಕಲು ಬಿಡದೆ ತಾನೇ ಒಗೆದಳು. ಮಗುವನ್ನು ಮಾತ್ರ ಮುಟ್ಟಲಿಲ್ಲ. ಎರೆಯುವುದಕ್ಕೆ ಪಕ್ಕದ ಬೀದಿಯಿಂದ ಹೆಂಗಸನ್ನು ಕರೆಸಿದಳು. ಮಗು ತೊಟ್ಟಿಲಲ್ಲಿ ಕಿರ್ರೆಂದರೆ ಅಡುಗೆಮನೆಯಿಂದ ನನ್ನನ್ನು ಕೂಗುತ್ತಿದ್ದಳು. ತಾನು ತೊಟ್ಟಿಲ ಪಕ್ಕದಲ್ಲೇ ನಿಂತಿದ್ದರೂ ಕೂಗುತ್ತಿದ್ದಳು, ಕೈಯೆರಡನ್ನೂ ಸೆರಗಿನೊಳಗೆ ಸೇರಿಸಿಕೊಂಡು.

ಮೊದಮೊದಲು ನಾವು ಗಮನಿಸಲಿಲ್ಲ. ಗಮನಿಸಿದ ಮೇಲೆ ಮಗಳಿಗೆ ನೋವಾಯಿತು. ಅವಳನ್ನು ಬೆಳೆಸಿದ್ದೇ ಅವ್ವ. ನಾನು ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆ ಇಳಿಯುವವಳು, ಮಗಳು ಅಜ್ಜಿಯ ಸೊಂಟದ ಮೇಲೆಯೇ ದೊಡ್ಡವಳಾದವಳು. ಒಂದು ಮಧ್ಯಾಹ್ನ ಊಟ ಬಡಿಸುತ್ತಿದ್ದ ಅಜ್ಜಿಯ ಕೈ ಹಿಡಿದು ಕೇಳಿಯೇ ಬಿಟ್ಟಳು. "ಅಜ್ಜಿ, ನನ್ನ ಮಗಳು ನಿನಗೆ ಬ್ಯಾಡಾದ್ಲಾ?"

ಅವ್ವ ಸೌಟನ್ನು ಪಾತ್ರೆಯಲ್ಲಿಟ್ಟಳು. "ನನ್ನ ಕೈ ಬ್ಯಾಡ ಕಣೆ ಅದಕ್ಕೆ. ನಿನ್ನ ಹೊಟ್ಟೆಗೆ ಎರಡು ಸಲಾನೂ ಎಣ್ಣೆ ಹಚ್ಚಿದ್ದು ಇದೇ ಕೈ. ಈ ಸಲ ಹಚ್ಚಲಿಲ್ಲ, ಅದಕ್ಕೇ ಉಳುದೈತೆ."

ನನಗೆ ಮೈಯೆಲ್ಲ ಉರಿಯಿತು. "ಅವ್ವಾ, ಎಣ್ಣೆಗೂ ಅದಕ್ಕೂ ಏನು ಸಂಬಂಧ? ಡಾಕ್ಟ್ರು ಬಿಡಿಸಿ ಬಿಡಿಸಿ ಹೇಳಿಲ್ವಾ? ಇವಳನ್ನ ಸಾಕಿದ್ದು ಯಾವ ಕೈ ಮತ್ತೆ?"

"ಇವಳು ಮಾರಿದ ಕೂಸಿನ ಕೂಸು. ನನ್ನ ಲೆಕ್ಕಕ್ಕೆ ಬರ್ತಿರ್ಲಿಲ್ಲ. ಈಗ ನನ್ನ ದೋಷಾನೇ ಇವಳಿಗೆ ಅಂಟಿಕೊಂಡಂಗೆ ಕಾಣ್ತೈತೆ." ಸೌಟನ್ನು ಮತ್ತೆ ಕೈಗೆತ್ತಿಕೊಂಡು ಸೇರಿಸಿದಳು. "ಇದನ್ನೂ ಮಾರ್ರಿ. ಆಮ್ಯಾಲೆ ಎತ್ಕೋತೀನಿ. ಅಲ್ಲೀತನಕ ನನ್ನ ಕೇಳಬ್ಯಾಡ್ರಿ."

ಮಗಳು ಬಿಕ್ಕಿದಳು. ಎಂಥ ಮೂಢನಂಬಿಕೆ ಎಂದು ಎದ್ದು ಹೋಗುವಳೇನೋ ಅಂದುಕೊಂಡೆ, ಓದಿದ ಹುಡುಗಿ. "ಮಾರೋಣ ಬಿಡಮ್ಮ. ಅಜ್ಜಿ ಎತ್ಕೊಂಡ್ರೆ ನನಗೆ ಅಷ್ಟೇ ಸಾಕು" ಎಂದಳು. ಅವಳು ಹಾಗಂದ ಮೇಲೆ ನಾನು ಯಾವ ಬಾಯಲ್ಲಿ ಬೇಡ ಅನ್ನಲಿ?

ಹುಡುಕುವ ಕೆಲಸ ನನ್ನ ತಲೆಗೆ ಬಂತು. ಅದೇನು ಮಹಾ ಕಷ್ಟ ಎಂದುಕೊಂಡೆ. ಅವ್ವನ ಕಾಲದಲ್ಲಿ ಅಂಥ ಹೆಂಗಸು ಊರಿಗೊಬ್ಬಳು ಸಿಕ್ಕರೆ ದೊಡ್ಡದಿತ್ತಂತೆ. ನನ್ನನ್ನು ಕೊಂಡಾಕೆಯನ್ನು ಹುಡುಕಲು ಅಪ್ಪ ಹೊಳೆ ದಾಟಿ ಆಚೆ ಊರಿಗೆ ಹೋಗಬೇಕಾಗಿತ್ತು. ಈಗ ಹಾಗಿದೆಯೇ? ನಮ್ಮ ಬೀದಿಯಲ್ಲೇ ಯಾವ ಬಾಗಿಲು ತಟ್ಟಿದರೂ ಹಡೆದದ್ದೆಲ್ಲ ಉಳಿದ ತಾಯಿಯೇ ಬಂದು ತೆಗೆಯುತ್ತಾಳೆ. ಎದುರುಮನೆಯ ಅಡಿಕೆ ವ್ಯಾಪಾರಿಯ ಸೊಸೆಯ ಹೆಸರು ಹೇಳಿದೆ.

"ಅವಳಿಗೆ ಎಷ್ಟು?"

"ಒಂದು. ಗುಂಡುಕಲ್ಲಿನಂಗೆ ಐತೆ."

"ಒಂದು ಹಡೆದು ಒಂದು ಉಳಿಸ್ಕೊಂಡ್ರೆ ಏನು ಹೆಚ್ಚುಗಾರಿಕೆ? ಈಗ ಎಲ್ರದೂ ಉಳೀತಾವೆ. ಮಡ್ಲು ತುಂಬ ಹಡೆದು ಎಲ್ಲಾ ಉಳುಸ್ಕೊಂಡಿರಬೇಕು. ಅಂಥಾಕೀನ ತಾ."

ಹೊನ್ನಾಳಿಯ ಬೀಗಿತ್ತಿಗೆ ಮೂವರು, ಮೂವರೂ ಚೆನ್ನಾಗಿದ್ದಾರೆ. ಆದರೆ ಮಗು ಅವರ ವಂಶದ್ದೇ, ತಮ್ಮದನ್ನು ತಾವೇ ಕೊಳ್ಳುವಂತಿಲ್ಲ. ನ್ಯಾಮತಿಯಲ್ಲಿ ನನ್ನ ಗೆಳತಿಯ ಅತ್ತೆಗೆ ಐದು ಮಕ್ಕಳು ಎಂದು ಗೊತ್ತಾಗಿ, ಹಣ್ಣು ಕಾಯಿ ಹಿಡಿದು ಅವ್ವನನ್ನೂ ಕರೆದುಕೊಂಡು ಹೋದೆ. ಕಾಫಿ ಕುಡಿಯುತ್ತಾ ಅವ್ವ ಮೆಲ್ಲಗೆ ಕೇಳಿದಳು. "ಹಡೆದಿದ್ದೆಷ್ಟವ್ವಾ, ಉಳುದಿದ್ದೆಷ್ಟು?" ಆಕೆ ಲೋಟ ಕೆಳಗಿಟ್ಟು, "ಹಡೆದಿದ್ದು ಆರು. ನಡುವೆ ಒಂದು ಹೋಯ್ತು" ಎಂದಳು. ಆ ಒಂದರ ವಿಷಯ ಸೊಸೆಗೇ ಗೊತ್ತಿರಲಿಲ್ಲ. ಇಪ್ಪತ್ತು ವರ್ಷ ಒಂದೇ ಅಡುಗೆಮನೆಯಲ್ಲಿದ್ದ ಸೊಸೆ ಬಾಯಿ ಬಿಟ್ಟುಕೊಂಡು ಅತ್ತೆಯನ್ನೇ ನೋಡಿದಳು. ಅವ್ವ ಆಕೆಯ ಬೆನ್ನು ಸವರಿ ಎದ್ದು ಬಂದಳು.

ವಾಪಸು ಬರುವಾಗ ದಾರಿಯುದ್ದಕ್ಕೂ ಅವ್ವನೊಡನೆ ಜಗಳ. "ನನ್ನನ್ನ ಕೊಂಡಾಕೆಗೆ ನಾಲ್ಕೇ ಮಕ್ಕಳು ಅಂತಿದ್ದಿ. ಆಗ ನಾಲ್ಕಕ್ಕೆ ಒಪ್ಪಿದಾಕಿ ಈಗ ಯಾಕೆ ಇಷ್ಟು ಚೌಕಾಸಿ ಮಾಡ್ತೀಯ?" ಎಂದೆ. "ಆಗಿನ ನಾಲ್ಕು ಅಂದ್ರೆ ಈಗಿನ ಹತ್ತು ಕಣೆ" ಎಂದು ಅವ್ವ ಕಿಟಕಿಯ ಕಡೆ ತಿರುಗಿದಳು. ಅವಳು ಹಾಗೆ ತಿರುಗಿದರೆ ಮಾತು ಮುಗಿಯಿತು ಅಂತ ಅರ್ಥ.

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವವಳು. ಜನಸಂಖ್ಯೆಯ ಪಾಠಕ್ಕೆ ಬೋರ್ಡಿನ ಮೇಲೆ ಎರಡು ಗೆರೆ ಎಳೆಯುತ್ತೇನೆ, ಒಂದು ಹುಟ್ಟಿನದು, ಒಂದು ಸಾವಿನದು. ಹಳೆಯ ಕಾಲದಲ್ಲಿ ಎರಡೂ ಮೇಲೇ ಇದ್ದವು, ಹುಟ್ಟಿದಷ್ಟೇ ಸಾಯುತ್ತಿದ್ದರು, ಊರು ಇದ್ದಷ್ಟೇ ಇರುತ್ತಿತ್ತು. ಆಮೇಲೆ ಚುಚ್ಚುಮದ್ದು ಬಂತು, ಆಸ್ಪತ್ರೆ ಬಂತು, ಕುಡಿಯುವ ನೀರು ಬಂತು. ಸಾವಿನ ಗೆರೆ ಮೊದಲು ಇಳಿಯಿತು, ಹುಟ್ಟಿನ ಗೆರೆ ಇಳಿಯಲು ಹೊತ್ತು ಮಾಡಿತು. ಎರಡರ ನಡುವೆ ಬಿಟ್ಟ ಜಾಗದಲ್ಲಿ ಊರುಗಳು ತುಂಬಿಕೊಂಡವು. ಈಗ ಎರಡೂ ಕೆಳಗೆ ಬಂದು ಅಕ್ಕಪಕ್ಕ ಕೂತಿವೆ. ನಾನು ಕೆಲಸಕ್ಕೆ ಸೇರಿದಾಗ ಮಕ್ಕಳು ಬೆಂಚು ಸಾಲದೆ ನೆಲದ ಮೇಲೆ ಕೂರುತ್ತಿದ್ದರು. ಈಗ ಎರಡು ಸೆಕ್ಷನ್ ಸೇರಿಸಿ ಒಂದು ಮಾಡಿದರೂ ಹಿಂದಿನ ಬೆಂಚುಗಳು ಖಾಲಿ.

ಆ ವಾರ ಆ ಪಾಠವೇ ಬಂತು. ಎರಡು ಗೆರೆ ಎಳೆದು ನಡುವಿನ ಜಾಗಕ್ಕೆ ಚಾಕ್‌ಪೀಸಿನಿಂದ ಅಡ್ಡಗೀಟು ತುಂಬುತ್ತಿದ್ದಾಗ ಕೈ ಅಲ್ಲೇ ನಿಂತಿತು. ಅವ್ವ ಕೇಳುತ್ತಿರುವ ಹೆಂಗಸು ಇರುವುದು ಇಲ್ಲಿ, ಈ ಗೀಟುಗಳ ಒಳಗೆ. ಅವ್ವನ ವಯಸ್ಸಿನವರಲ್ಲಿ ಅವಳು ಇಲ್ಲ, ಅವರೆಲ್ಲ ಕಳೆದುಕೊಂಡವರು. ನನ್ನ ವಯಸ್ಸಿನವರಲ್ಲೂ ಇಲ್ಲ, ನಾವು ಎರಡಕ್ಕೆ ಆಪರೇಷನ್ ಮಾಡಿಸಿಕೊಂಡವರು. ಅವ್ವನಿಗಿಂತ ಸ್ವಲ್ಪ ಚಿಕ್ಕವರು, ಹಡೆಯುವುದು ಇನ್ನೂ ನಿಲ್ಲದೆ ಸಾಯುವುದು ಮಾತ್ರ ಕಡಿಮೆಯಾದ ಆ ಕೆಲವೇ ವರ್ಷಗಳ ಸೊಸೆಯಂದಿರು, ಅವರಲ್ಲಿ ಹುಡುಕಬೇಕು. "ಮೇಡಂ, ಮುಂದೆ?" ಎಂದು ಹುಡುಗಿಯೊಬ್ಬಳು ಕೇಳಿದಳು. ಮುಂದಿನದನ್ನು ನಾಳೆ ಹೇಳುತ್ತೇನೆ ಅಂದೆ.

ಸ್ಟಾಫ್ ರೂಮಿಗೆ ಬಂದು ಎಲ್ಲರನ್ನೂ ಆ ಪ್ರಕಾರವೇ ವಿಚಾರಿಸಿದೆ. ಜಗಳೂರು ಕಡೆಯಿಂದ ಬಂದಿರುವ ಗಣಿತದ ಮೇಡಂ ಪೆನ್ನು ಕೆಳಗಿಟ್ಟು, "ನಮ್ಮ ದೊಡ್ಡವ್ವ ಇದ್ದಾಳಲ್ಲ ಮೇಡಂ. ಎಂಟು ಹಡೆದು ಎಂಟನ್ನೂ ಉಳಿಸ್ಕೊಂಡಾಳೆ. ನಮ್ಮ ಸೀಮೆಯಾಗೆ ಎಷ್ಟು ಕೂಸು ಕೊಂಡಾಳೋ ಲೆಕ್ಕವೇ ಇಲ್ಲ" ಎಂದರು. ಮನೆಗೆ ಹೋಗಿ ಹೇಳಿದೆ. ಅವ್ವನ ಮುಖ ಅರಳಿದ್ದನ್ನು ಎಷ್ಟೋ ದಿನದ ಮೇಲೆ ನೋಡಿದೆ. ಕೂಡಲೇ ಅಕ್ಕಿ ಗಿರಣಿಗೆ ಹೋಗಿ ತೌಡು ತಂದಳು. ತೌಡು ಕೊಡಬೇಕಾದವರು ಕೊಳ್ಳುವವರಲ್ಲವೇ ಎಂದರೆ, "ಜಗಳೂರಾಗೆ ಬರೀ ಮೆಕ್ಕೆಜೋಳ, ಶೇಂಗಾ. ಭತ್ತದ ತೌಡು ಅವರು ಎಲ್ಲಿಂದ ತಂದಾರು ಪಾಪ?" ಎಂದಳು. ಕೊಳ್ಳುವವರ ಪರವಾಗಿ ಬೆಲೆಯನ್ನೂ ನಾವೇ ಹೊತ್ತುಕೊಂಡು ಹೊರಟೆವು.

ಒಂದು ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿದೆವು. ಮಗುವಿಗೆ ಆಗ ನಾಲ್ಕನೆಯ ತಿಂಗಳು, ಕೆನ್ನೆ ತುಂಬಿಕೊಂಡು ಕಂಡವರಿಗೆಲ್ಲ ನಗುತ್ತಿತ್ತು. ದಾವಣಗೆರೆಯಲ್ಲಿ ಬಸ್ಸು ಬದಲಿಸಬೇಕು. ನಾನು ತೌಡು, ಮೊರ, ಬ್ಯಾಗು ಎಂದು ಎರಡೂ ಕೈಯಲ್ಲಿ ಹಿಡಿದು ಮೊದಲೇ ಇಳಿದಿದ್ದೆ. ಮೆಟ್ಟಿಲ ಮೇಲೆ ಮಗಳ ಸೀರೆಯ ನೆರಿಗೆ ಕಾಲಿಗೆ ಸಿಕ್ಕಿಕೊಂಡಿತು. "ಅಜ್ಜಿ, ಹಿಡ್ಕೋ" ಎಂದು ಕೆಳಗೆ ನಿಂತಿದ್ದ ಅವ್ವನ ಕಡೆ ಮಗುವನ್ನು ಚಾಚಿದಳು. ಅವ್ವ ಒಂದು ಹೆಜ್ಜೆ ಹಿಂದೆ ಸರಿದಳು. ಹೂ ಮಾರುವ ಹೆಂಗಸೊಬ್ಬಳು ಓಡಿ ಬಂದು ಹಿಡಿದುಕೊಂಡಳು. ಬಯ್ಯಬೇಕೆಂದು ಬಾಯಿ ತೆರೆದೆ, ಅವ್ವನ ಮುಖ ನೋಡಿ ಮುಚ್ಚಿದೆ. ಮಗಳು ಏನೂ ಆಗದವಳಂತೆ ನೆರಿಗೆ ಸರಿ ಮಾಡಿಕೊಂಡಳು.

ಜಗಳೂರಿನಿಂದ ಆಟೋ ಮಾಡಿಕೊಂಡು ಆ ಊರಿಗೆ ಹೋದೆವು. ಅಂಗಳದ ತುಂಬ ಮೆಕ್ಕೆಜೋಳ ಒಣಗಲು ಹರಡಿದ್ದರು, ಬಿದಿರು ಪಂಜರದೊಳಗೆ ಕುರಿಮರಿಗಳು ಒದರುತ್ತಿದ್ದವು. ಗಣಿತದ ಮೇಡಂ ಹಿಂದಿನ ದಿನವೇ ತವರಿಗೆ ಬಂದಿದ್ದರು, ನಮ್ಮನ್ನು ಕರೆದು ಕೂರಿಸಿದರು. ಅವರ ದೊಡ್ಡವ್ವ ಒಳಗಿನಿಂದ ಬಂದಳು. ಎತ್ತರದ, ಒಣಕಲು ಹೆಂಗಸು. ಕಂಬಕ್ಕೆ ಒರಗಿ ದೂರದಲ್ಲೇ ಕೂತಳು. ನಮ್ಮ ಮೊರ, ತೌಡಿನ ಚೀಲ, ಮಗು, ಎಲ್ಲವನ್ನೂ ಒಂದೊಂದಾಗಿ ನೋಡಿದಳು.

"ಇವಳು ನನಗೆ ಏನೂ ಸರಿಯಾಗಿ ಹೇಳಲಿಲ್ಲ. ಊಟಕ್ಕೆ ಬರ್ತಾರೆ ಅಂದ್ಲು" ಎಂದಳು. "ನಾನು ಕೊಳ್ಳಾಕೆ ಬರಂಗಿಲ್ರವ್ವಾ. ನನ್ನ ಎರಡನೇ ಮಗ ಹೋದ ವರ್ಷ ಹೋದ. ಹೊಲದಾಗೆ ಕುಂಟೆ ಹೊಡೀತಿದ್ದ, ಎದೆ ಹಿಡ್ಕೊಂಡು ಕುಂತ, ಅಷ್ಟೇ."

ಗಣಿತದ ಮೇಡಂ ಮುಖ ಬಿಳಿಚಿಕೊಂಡಿತು. ಅಣ್ಣ ಸತ್ತದ್ದು ಅವರಿಗೆ ಗೊತ್ತಿಲ್ಲದ್ದೇನಲ್ಲ, ಮಣ್ಣಿಗೆ ಬಂದು ಹೋದವರು. ಆದರೆ ಆತ ಮಗಳಿಗೆ ಮದುವೆ ಮಾಡಿದವನು, ತಲೆ ನೆರೆತವನು. ಕೂಸುಗಳ ಉಳಿವಿನ ಮಾತು ಬಂದಾಗ ಅಷ್ಟು ದೊಡ್ಡವನ ಸಾವು ಅದರೊಳಗೆ ಸೇರುತ್ತದೆ ಎಂದು ಅವರಿಗೆ ಹೊಳೆದಿರಲಿಲ್ಲ. ನಿಜ ಹೇಳಬೇಕೆಂದರೆ ನಮ್ಮಲ್ಲಿ ಯಾರಿಗೂ ಹೊಳೆಯುತ್ತಿರಲಿಲ್ಲ.

"ಎಷ್ಟು ಮಂದಿ ಬರ್ತಿದ್ರು ಗೊತ್ತೇನ್ರಿ" ಎಂದು ಆಕೆಯೇ ಮುಂದುವರಿಸಿದಳು. "ಒಂದು ಕಾಲಕ್ಕೆ ವಾರಕ್ಕೊಂದು ಕೂಸು ನನ್ನ ಮಡ್ಲಾಗೆ ಇರ್ತಿತ್ತು. ಆಮ್ಯಾಲೆ ಕೂಸುಗಳು ಸಾಯೋದೇ ಕಮ್ಮಿ ಆತು, ಬರೋದೂ ಕಮ್ಮಿ ಆತು. ಅದು ಒಳ್ಳೇದೇ ಬಿಡ್ರಿ. ಆರತಿಗೆ, ತೊಟ್ಲು ಶಾಸ್ತ್ರಕ್ಕೆ ನಾನೇ ಮುಂದೆ ಇರಬೇಕಿತ್ತು. ಮಗ ಹೋದ ಮ್ಯಾಲೆ ಯಾರೂ ಕರೆಯಲ್ಲ. ನಾನೂ ಹೋಗಲ್ಲ."

ಅಂಗಳದಲ್ಲಿ ಯಾರೋ ಜೋಳದಲ್ಲಿ ಕೈಯಾಡಿಸುತ್ತಿದ್ದ ಸದ್ದು ಕೇಳುತ್ತಿತ್ತು. ಇನ್ನು ನಾವು ಎದ್ದು ಹೋಗಬೇಕು, ಇನ್ನೊಬ್ಬಳನ್ನು ಹುಡುಕಬೇಕು, ಅಂಥವಳು ಸಿಗುವುದಿಲ್ಲ ಎಂದೆಲ್ಲ ನನ್ನ ತಲೆಯಲ್ಲಿ ಓಡುತ್ತಿತ್ತು. ಮಗಳು ಮಗುವನ್ನು ಎದೆಗೊತ್ತಿಕೊಂಡು ಅಜ್ಜಿಯನ್ನೇ ನೋಡುತ್ತಿದ್ದಳು. ಇನ್ನು ಅಜ್ಜಿ ತನ್ನ ಮಗುವನ್ನು ಮುಟ್ಟುವುದಿಲ್ಲ ಎಂದು ಅವಳಿಗೆ ಖಾತ್ರಿಯಾದಂತಿತ್ತು.

ಅವ್ವ ಎದ್ದು ಆ ಹೆಂಗಸಿನ ಹತ್ತಿರ ಹೋಗಿ ಕೂತಳು.

"ಬೆಳೆದ ಮಗ ಹೋದ್ರೆ ಹೆಂಗಿರ್ತೈತೋ ನನಗೆ ಗೊತ್ತಿಲ್ಲವ್ವಾ" ಎಂದಳು. "ನಂದು ಹೋಗಿದ್ದೆಲ್ಲಾ ಸಣ್ಣವು. ಮಾತು ಬರಾಕೆ ಮುಂಚೇನೇ ಹೋದ್ವು. ನನ್ನ ಒಂದು ಸಲಾನೂ ಅವ್ವಾ ಅನ್ನಲಿಲ್ಲ."

ಆಕೆ ತಲೆಯೆತ್ತಿದಳು. "ಸಣ್ಣವು ಹೋದ್ರೆ ಹೆಂಗಿರ್ತೈತೋ ನನಗೂ ಗೊತ್ತಿಲ್ಲ. ನನಗೆ ಸೊಕ್ಕಿತ್ತು ಆಗ. ಬಂದವರನ್ನ ಒಂದು ಮಾತೂ ಕೇಳ್ತಿರ್ಲಿಲ್ಲ. ತೌಡು ಹಾಕಿ ಕೂಸು ತಗೊಂಡು ಕಳಿಸ್ತಿದ್ದೆ." ಸೆರಗಿನಿಂದ ಮೂಗು ಒರೆಸಿಕೊಂಡಳು. "ಅವನು ದಿನಾ ಹೊಲದಿಂದ ಬಂದು ಅವ್ವಾ ನೀರು ಕೊಡು ಅಂತಿದ್ದ. ಐವತ್ತು ವರ್ಷ ಅಂದಿದಾನೆ. ಈಗ ಸಂಜೆ ಆದ್ರೆ ಕಿವಿ ಅಲ್ಲೇ ಇರ್ತೈತೆ."

ನಾನು ಅಳುತ್ತಿದ್ದೆ, ಅದನ್ನು ಮುಚ್ಚಿಡುವುದೇನೂ ಇಲ್ಲ. ಸಾವಿನ ಗೆರೆ ಇಳಿಯಿತು ಎಂದು ಮೂವತ್ತು ವರ್ಷ ಬೋರ್ಡಿನ ಮೇಲೆ ಎಳೆದು ತೋರಿಸಿದ್ದೇನೆ. ಅದು ಎಷ್ಟು ಇಳಿದರೂ ಸೊನ್ನೆಗೆ ಬರುವುದಿಲ್ಲ, ಸಾವು ಬರೀ ತಡವಾಗಿ ಬರುತ್ತದೆ. ತಡವಾಗಿ ಬಂದದ್ದು ಕಂಬಕ್ಕೆ ಒರಗಿ ನನ್ನೆದುರಿಗೇ ಕೂತಿತ್ತು.

ಅವ್ವ ಸೆರಗಿನಲ್ಲಿ ಕೈಯೆರಡನ್ನೂ ಒರೆಸಿಕೊಂಡಳು. ಮೊಣಕಾಲೂರಿ ನಮ್ಮ ಕಡೆ ತಿರುಗಿ, ಮಗಳ ಮುಂದೆ ಕೈ ಚಾಚಿದಳು. ಮಗಳಿಗೆ ಮೊದಲು ಅರ್ಥವಾಗಲಿಲ್ಲ. "ತಾ ಇಲ್ಲಿ" ಎಂದಳು ಅವ್ವ. ಮಗು ಅವಳ ಕೈಗೆ ಬಂತು. ಕತ್ತಿನ ಕೆಳಗೆ ಒಂದು ಕೈ, ಸೊಂಟದ ಕೆಳಗೆ ಒಂದು ಕೈ. ತಿರುಗಿ ಆ ಹೆಂಗಸಿನ ಮಡಿಲಲ್ಲಿ ಮಲಗಿಸಿದಳು.

"ಬ್ಯಾಡ್ರಿ, ನನಗೊಂದು ಹೋಗೈತೆ ಅಂತ ಹೇಳಿದೆನಲ್ಲ" ಎಂದು ಆಕೆ ಕೈಯನ್ನು ಹಿಂದಕ್ಕೆಳೆದುಕೊಂಡಳು.

"ಅದಕ್ಕೇ ಕೊಡ್ತಿರೋದು" ಎಂದಳು ಅವ್ವ. "ನಿನಗೊಂದು ಕಮ್ಮಿ ಆಗೈತೆ. ತಗೋ."

ಆಕೆಯ ಕೈ ತಾನಾಗಿ ಮುಂದೆ ಬಂತು. ಹಳೆಯ ಅಭ್ಯಾಸ, ಮಡಿಲಿಗೆ ಬಿದ್ದ ಕೂಸನ್ನು ಆ ಕೈ ಬಿಡಲಾರದು. ಮಗು ಆಕೆಯ ಮೂಗಿನ ನತ್ತು ನೋಡಿ ನಕ್ಕಿತು. ಗಣಿತದ ಮೇಡಂ ಮೊರಕ್ಕೆ ತೌಡು ಸುರಿದು ಆಕೆಯ ಮುಂದಿಟ್ಟರು. ಆಕೆ ಅದನ್ನು ನನ್ನ ಮಗಳ ಕಡೆ ಸರಿಸಿದಳು. ಶಾಸ್ತ್ರದ ಮಾತು ಹೇಳಬೇಕಿತ್ತು. "ಇದು ನನ್ನ ಕೂಸು" ಎಂದಳು. ಅಷ್ಟು ಹೇಳಿ ನಿಲ್ಲಿಸಿದಳು. ಉಳಿದ ಅರ್ಧ ಹೇಳಲು ಆಕೆಗೆ ಮನಸ್ಸಿರಲಿಲ್ಲ, ನಾವೂ ಅವಸರ ಮಾಡಲಿಲ್ಲ. ಬಹಳ ಹೊತ್ತಿನ ಮೇಲೆ, "ನೀನು ಸಾಕಿ ಕೊಡು" ಎಂದು ಮಗುವನ್ನು ನನ್ನ ಮಗಳಿಗೆ ಕೊಟ್ಟಳು.

ಮಗಳು ಮಗುವನ್ನು ತೆಗೆದುಕೊಂಡವಳೇ ಅಜ್ಜಿಯ ತೊಡೆಯ ಮೇಲೆ ಹಾಕಿದಳು. ಅವ್ವ ಈ ಸಲ ಹಿಂದೆ ಸರಿಯಲಿಲ್ಲ. ಮಗುವನ್ನು ಎತ್ತಿ ಭುಜಕ್ಕೆ ಹಾಕಿಕೊಂಡು ಕಣ್ಣು ಮುಚ್ಚಿದಳು.

"ಏನಜ್ಜಿ?" ಎಂದಳು ಮಗಳು.

"ಭಾರ ಐತೆ ಕಣೆ" ಎಂದಳು ಅವ್ವ. "ನಿಮ್ಮವ್ವನ್ನ ಬಿಟ್ರೆ ನಂದು ಯಾವುದೂ ಇಷ್ಟು ಭಾರ ಆಗಲಿಲ್ಲ."